ಹಾಲೆಂಡಿನ ಡೆ ಹಾರ್ ಕೋಟೆ ಅಸಲಿಯೋ ಡುಪ್ಲಿಕೇಟೋ? (ನಮ್ಮ ಹಳೆ ಮನೆ ವಿಷಯವೂ ಉಂಟು)

ಚಾವಡಿಮನೆ:

ಎಲ್ಲರಿಗೂ ನಮಸ್ಕಾರ. ಪೆರ್ಲದ ಹತ್ರ ನಮ್ಮ ಮನೆ. ವಿಷಯ ಸ್ವಲ್ಪ ಉದ್ದ ಉಂಟು, ಪುರ್ಸೊತ್ತಿದ್ದವರು ಓದಿ.

ತಂಗಿ ಮತ್ತೆ ಭಾವ ಉಟ್ರೆಕ್ಟ್‌ನಲ್ಲಿ ಇರುದು. ಈ ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಕರ್ಕೊಂಡು ಹೋಗಿ ಇಪ್ಪತ್ತು ದಿವಸ ಇದ್ದು ಬಂದೆವು. ಒಂದು ದಿವಸ ಭಾವ ಡೆ ಹಾರ್ ಅಂತ ಒಂದು ಕೋಟೆಗೆ ಕರ್ಕೊಂಡು ಹೋದ, ಉಟ್ರೆಕ್ಟಿನಿಂದ ದೂರ ಏನಿಲ್ಲ, ಹಾರ್‌ಝೌಲೆನ್ಸ್ ಅಂತ ಊರು. ಸುತ್ತ ಅಗಳು, ಅಗಳು ತುಂಬ ನೀರು, ನೀರಿನೊಳಗಿಂದಲೇ ಕೆಂಪು ಇಟ್ಟಿಗೆ ಗೋಡೆ ಎದ್ದು ಬಂದ ಹಾಗೆ, ಮೇಲೆ ಚೂಪು ಚೂಪು ಗೋಪುರ, ಕಿಟಿಕಿ ಬಾಗಿಲಿಗೆಲ್ಲ ಕೆಂಪು ಬಿಳಿ ಬಣ್ಣ. ನಾನಂತೂ ಬಾಯಿ ಬಿಟ್ಟು ನೋಡಿದೆ, ಕಮ್ಮಿ ಅಂದ್ರೂ ಐನೂರು ಆರ್ನೂರು ವರ್ಷದ್ದು ಇರ್ಬೇಕು ಅಂತ ಅಂದ್ಕೊಂಡೆ.

ಅಪ್ಪ ಮಾತ್ರ ಸೇತುವೆ ದಾಟಿದಲ್ಲಿ ಗೋಡೆಗೆ ಕೈ ಇಟ್ಟು ನಿಂತ್ರು. ಸುಮಾರು ಹೊತ್ತು ನೋಡಿ, "ಇದು ಎರಡು ಸಲ ಕಟ್ಟಿದ ಗೋಡೆ. ಕೆಳಗಿನ ಇಟ್ಟಿಗೆಯೇ ಬೇರೆ, ಮೇಲಿನದ್ದೇ ಬೇರೆ" ಅಂದ್ರು. ಅಪ್ಪ ಮೇಸ್ತ್ರಿ ಏನಲ್ಲ, ಅಡಿಕೆ ಕೃಷಿ. ಒಳಗೆ ಹೋಗಿ ಕೇಳಿದ್ರೆ ಹೌದಂತೆ, ಈಗ ನಿಂತದ್ದರಲ್ಲಿ ಹೆಚ್ಚಿನದ್ದೂ 1892ರ ಮೇಲೆ ಕಟ್ಟಿದ್ದಂತೆ! ಭಾವ ಅಲ್ಲೇ ಶುರು ಮಾಡಿದ, "ಹಾಗಾದ್ರೆ ಇದು ಡುಪ್ಲಿಕೇಟ್, ನಿಮ್ಮ ಮನೆಯ ಅಟ್ಟದ ತೊಲೆ ಇದಕ್ಕಿಂತ ಹಳೇದು, ಅದಕ್ಕೆ ಟಿಕೆಟ್ ಇಡ್ಬಹುದು" ಅಂತ. ಅಪ್ಪನಿಗೆ ಸಿಟ್ಟು ಬಂತು, "ಗೋಡೆ ಉಳಿಸಿ ಕಟ್ಟಿದ್ದಾನಲ್ಲ, ಡುಪ್ಲಿಕೇಟ್ ಹೇಗೆ ಆಗ್ತದೆ" ಅಂತ. ಟ್ರೈನಲ್ಲಿ ಬರುವಾಗಲೂ ಅದೇ.

ಅಪ್ಪನಿಗೆ ಯಾಕೆ ತಾಗಿದ್ದು ಅಂದ್ರೆ, ಹೋದ ಮಳೆಗಾಲದಲ್ಲಿ ನಮ್ಮ ಹಳೆ ಮನೆಯ ಪಡುಬದಿ ಜರಿದು ಬಿತ್ತು. ಚಾವಡಿ ಮತ್ತೆ ಮೂಡು ಬದಿಯ ಎರಡು ಕೋಣೆ ನಿಂತದೆ. ಕಂಟ್ರಾಕ್ಟರ್ ಒಬ್ಬ ಬಂದು ನೋಡಿ, ಇಡೀ ತೆಗೆದು ಟೆರೇಸ್ ಹಾಕುವ, ಹಳೆ ಗೋಡೆಗೆ ಹೊಸತು ಕೂಡುದಿಲ್ಲ ಅಂತ ಹೇಳಿ ಹೋಗಿದ್ದಾನೆ. ಅಣ್ಣನೂ ಅದಕ್ಕೇ ಸೈ. ಅಪ್ಪ ಚಾವಡಿ ಮುಟ್ಲಿಕ್ಕೆ ಬಿಡುದಿಲ್ಲ.

ಪ್ರಶ್ನೆ ಎರಡು. ಆ ಕೋಟೆಯಲ್ಲಿ ಹಳೇದರ ಮೇಲೆ ಹೊಸತು ಹೇಗೆ ಕಟ್ಟಿದ್ದು, ಯಾರು, ಯಾಕೆ? ಮತ್ತೆ ನಮ್ಮ ಕೆಂಪುಕಲ್ಲಿನ ಮನೆಗೆ ಅಂಥದ್ದು ಆಗ್ತದಾ ಇಲ್ಲವಾ?

ಸುಮ್ನೆ ಓದುವವ:

ಭಾವನ ಹತ್ರ ಕೇಳಿ, ಕೊಚ್ಚಿಯ ಮಟ್ಟಾಂಚೇರಿಯ ಡಚ್ ಅರಮನೆ ಕಟ್ಟಿದ್ದು ಯಾರು ಅಂತ. ಪೋರ್ಚುಗೀಸರು ಕಟ್ಟಿ ರಾಜನಿಗೆ ಕೊಟ್ಟದ್ದು, ಡಚ್ಚರು 1663ರ ಮೇಲೆ ರಿಪೇರಿ ಮಾಡ್ಸಿದ್ದು ಅಷ್ಟೆ, ಹೆಸರು ಮಾತ್ರ ರಿಪೇರಿಯವರದ್ದೇ ಉಳಿತು 😄 ನಮ್ಮಲ್ಲಿ ಮನೆಗೆ ಸುಣ್ಣ ಹೊಡೆದವನ ಹೆಸರು ಇಡುದಿಲ್ಲ ಮಾರಾಯ್ರೆ.

ನಿವೃತ್ತ ಮಾಷ್ಟ್ರು:

ಮೇಲಿನವರು ಹೇಳಿದ್ದು ತಮಾಷೆಗಾದರೂ ಸರಿಯೇ. ಕಣ್ಣೂರಿನ ಕೋಟೆಯದ್ದೂ ಇದೇ ಕಥೆ. ಪೋರ್ಚುಗೀಸರು 1505ರಲ್ಲಿ ಶುರು ಮಾಡಿದ್ದು, 1663ರಲ್ಲಿ ಡಚ್ಚರ ಕೈಗೆ, ಅವರು 1772ರಲ್ಲಿ ಅಲ್ಲಿಯ ಅರಕ್ಕಲ್ ರಾಜಮನೆತನಕ್ಕೆ ಮಾರಿದ್ರು, ಆಮೇಲೆ ಇಂಗ್ಲಿಷರು. ಅದು ಯಾರ ಕೋಟೆ ಅಂತ ಹೇಳುದು? ಮಲಯಾಳದಲ್ಲಿ ಡಚ್ಚರಿಗೆ ಲಂದಕ್ಕಾರರು ಅಂತ ಹೇಳ್ತಿದ್ರು, ಹಾಲೆಂಡ್ ಅಂತ ಬಾಯಿಗೆ ಬಾರದೆ ಲಂದ ಆದದ್ದು.

ಈಗ ನಿಮ್ಮ ಡೆ ಹಾರ್ ವಿಷಯ. ನಾನು ಅಲ್ಲಿಗೆ ಹೋದವನಲ್ಲ, ಆದರೆ ಈ ಕೋಟೆ ಬಗ್ಗೆ ಹಿಂದೊಮ್ಮೆ ಆಸಕ್ತಿಯಿಂದ ಓದಿದ್ದುಂಟು. ದಾಖಲೆಯಲ್ಲಿ ಮೊದಲು ಕಾಣುದು 1391ರಲ್ಲಿ. ಡೆ ಹಾರ್ ಅಂತಲೇ ಹೆಸರಿನ ಕುಟುಂಬಕ್ಕೆ ಆ ಜಾಗ ಉಂಬಳಿಯಾಗಿ ಸಿಕ್ಕಿದ್ದು. ಆ ಮನೆತನದಲ್ಲಿ ಗಂಡು ಸಂತಾನ ನಿಂತುಹೋಗಿ 1440ರಲ್ಲಿ ಮದುವೆ ಸಂಬಂಧದಿಂದ ವಾನ್ ಝೌಲೆನ್ ಮನೆತನಕ್ಕೆ ಹೋಯ್ತು. ಹೆಣ್ಣಿನ ಕಡೆಯಿಂದ ಆಸ್ತಿ ದಾಟುದು ನಮ್ಮ ಬದಿಯವರಿಗೆ ಹೊಸತಲ್ಲ, ಅಳಿಯಕಟ್ಟು ನೋಡಿ ಬೆಳೆದವರು ನಾವು. 1482ರಲ್ಲಿ ಜಗಳದಲ್ಲಿ ಕೋಟೆಗೆ ಬೆಂಕಿ ಬಿತ್ತು, ಗೋಡೆ ಕೆಡವಿದ್ರು. ಮುಂದಿನ ಶತಮಾನದ ಸುರುವಿಗೆ ಪುನಃ ಎಬ್ಬಿಸಿದ್ರು. ಅಂದ್ರೆ ಈಗಿನ ರೂಪ ಕೊಟ್ಟ ಆರ್ಕಿಟೆಕ್ಟ್ ಕೌಪರ್ಸ್ ಬರುವ ಮೊದಲೇ ಅದು ಒಂದು ಸಲ ರಿಪೇರಿ ಆದ ಮನೆ, ಇದು ನೆನಪಿರ್ಲಿ. 1641ರಲ್ಲಿ ಮನೆ ಯಜಮಾನ ಮಕ್ಕಳಿಲ್ಲದೆ ತೀರಿಹೋದ ಮೇಲೆ ನೋಡುವವರಿಲ್ಲ. 1672ರಲ್ಲಿ ಫ್ರೆಂಚರ ದಂಡು ಬಂತು. ಡಚ್ಚರು ಆ ವರ್ಷಕ್ಕೆ ವಿಪತ್ತಿನ ವರ್ಷ ಅಂತಲೇ ಹೇಳುದು. ಕಡೆಗೆ ಗೋಡೆ ಮೇಲೆ ಮರ ಹುಟ್ಟಿ, ಮಾಡು ಬಿದ್ದು, ಹಾಳುಬಿದ್ದ ಗುತ್ತಿನ ಮನೆ ಹೇಗಿರ್ತದೆ ಹಾಗೆ.

1890ರಲ್ಲಿ ಇದು ಬ್ಯಾರನ್ ಎತಿಯೆನ್ ವಾನ್ ಝೌಲೆನ್ ಎಂಬವನ ಪಾಲಿಗೆ ಬಂತು. ಅವನ ಹೆಂಡತಿ ಹೆಲೆನ್, ರೋಥ್‌ಚೈಲ್ಡ್ ಮನೆತನದ ಮಗಳು, ಅಂದ್ರೆ ದುಡ್ಡಿನ ಚಿಂತೆ ಇಲ್ಲ. ಇಬ್ಬರೂ ಪಿಯೆರ್ ಕೌಪರ್ಸ್‌ನನ್ನು ಕರೆಸಿದ್ರು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಮತ್ತೆ ಸೆಂಟ್ರಲ್ ಸ್ಟೇಶನ್ ಕಟ್ಟಿದವನೇ ಅವನು. ನೀವು ರೈಲು ಹತ್ತಿ ಇಳಿದಿರಬೇಕು ಅಲ್ಲಿ, ಅದೇ ಗೋಪುರ, ಅದೇ ಕೆಂಪಿಟ್ಟಿಗೆ. 1892ರಿಂದ 1912, ಇಪ್ಪತ್ತು ವರ್ಷ ಕೆಲಸ. 200 ಕೋಣೆ, 30 ಬಚ್ಚಲುಮನೆ. ಸ್ವಂತ ಜನರೇಟರಿನ ಕರೆಂಟು, ಹಬೆಯಿಂದ ಇಡೀ ಮನೆ ಬೆಚ್ಚಗೆ ಮಾಡುವ ಪೈಪು. ಹೊರಗೆ ನೋಡ್ಲಿಕ್ಕೆ ಹಳೆ ಕಾಲದ ಕೋಟೆ, ಒಳಗೆ ಆ ಕಾಲಕ್ಕೆ ಯುರೋಪಿನಲ್ಲೇ ಹೊಸ ನಮೂನೆಯ ಮನೆ.

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಕಂಡದ್ದು ಕೌಪರ್ಸ್ ಬೇಕಂತಲೇ ಮಾಡಿದ್ದು. ಹಳೆ ಗೋಡೆ ಎಲ್ಲಿಗೆ ಮುಗಿತದೆ, ತನ್ನದು ಎಲ್ಲಿಂದ ಶುರು ಅಂತ ಗೊತ್ತಾಗ್ಲಿ ಅಂತ ಹೊಸ ಭಾಗಕ್ಕೆ ಬೇರೆ ಜಾತಿಯ ಇಟ್ಟಿಗೆ ಹಾಕಿದ. ಡುಪ್ಲಿಕೇಟ್ ಮಾಡುವವನು ಗುರುತು ಅಳಿಸ್ತಾನೆ, ಇವನು ಗುರುತು ಇಟ್ಟ.

ಚಾವಡಿಮನೆ:

ಮಾಷ್ಟ್ರೆ, ಇದನ್ನು ಓದಿ ಹೇಳಿದೆ. ಅಪ್ಪ ಕೂಡ್ಲೆ ತಂಗಿಗೆ ಫೋನ್ ಮಾಡಿ ಭಾವನಿಗೆ ಕೊಡು ಅಂದ್ರು. ಭಾವ ಮೀಟಿಂಗಲ್ಲಿ ಇದ್ದೇನೆ ಅಂತ ಹೇಳಿ ತಪ್ಪಿಸಿಕೊಂಡ. ಒಂದು ಸಂಶಯ, ಅಷ್ಟು ನೀರಿನ ಮಧ್ಯೆ ಆ ಗೋಡೆ ನಿಂತದ್ದು ಹೇಗೆ? ನಮ್ಮದು ಒಂದು ಮಳೆಗಾಲಕ್ಕೆ ಜರಿದು ಹೋಯ್ತು.

ಡೆಲ್ಫ್ಟ್ ಬದಿಯವ:

ಊರು ಬದಿಯಡ್ಕ, ಈಗ ಇಲ್ಲಿ ಒಂಬತ್ತು ವರ್ಷ ಆಯ್ತು. ಕೆಲ್ಸ ಸಿವಿಲ್‌ದ್ದೇ, ಹಾಗಾಗಿ ಸ್ವಲ್ಪ ಹೇಳ್ಬಹುದು.

ಮೊದಲು ಇಲ್ಲಿಯ ನೆಲ ಅರ್ಥ ಆಗ್ಬೇಕು. ನಮ್ಮಲ್ಲಿ ನೀರು ಬೇಕಾದ್ರೆ ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದು ತೆವಳ್ಕೊಂಡು ಒಳಗೆ ಹೋಗ್ಬೇಕು, ಇಲ್ಲಿ ನಾಲ್ಕು ಹಾರೆ ಹಾಕಿದ್ರೆ ನೀರು. ಅಗಳು ತೋಡಿದ್ರೆ ತನ್ನಷ್ಟಕ್ಕೇ ತುಂಬ್ತದೆ. ಗುಡ್ಡೆ ಇಲ್ಲ, ಬಂಡೆ ಇಲ್ಲ, ಹಾಗಾಗಿ ಶತ್ರು ಬಾರದ ಹಾಗೆ ಮಾಡ್ಲಿಕ್ಕೆ ಇವರಿಗೆ ಇದ್ದದ್ದು ನೀರು ಒಂದೇ. ಬೇಕಲದಲ್ಲಿ ಶಿವಪ್ಪ ನಾಯಕ ಸಮುದ್ರಕ್ಕೆ ಚಾಚಿದ ಮುರಕಲ್ಲಿನ ದಿಬ್ಬ ನೋಡಿ ಕೋಟೆ ಇಟ್ಟ, ಇವರು ಚಪ್ಪಟೆ ಗದ್ದೆಯಲ್ಲಿ ಇಟ್ರು. ಕಲ್ಲೂ ಇಲ್ಲ. ಕಲ್ಲು ಬೇಕಾದ್ರೆ ಜರ್ಮನಿ ಬೆಲ್ಜಿಯಂನಿಂದ ದೋಣಿಯಲ್ಲಿ ಬರ್ಬೇಕು. ಹೊಳೆ ಬದಿಯ ಜೇಡಿಮಣ್ಣು ಮಾತ್ರ ಬೇಕಾದಷ್ಟು, ಅದಕ್ಕೇ ಎಲ್ಲ ಇಟ್ಟಿಗೆ. ಹಳೆ ಕಾಲದ ಇಟ್ಟಿಗೆ ದೊಡ್ಡದು, ಈಗಿನದ್ದರ ಹತ್ರ ಇಟ್ರೆ ಅಣ್ಣ ತಮ್ಮ ನಿಂತ ಹಾಗೆ ಕಾಣ್ತದೆ.

ಮೆದು ನೆಲದಲ್ಲಿ ಭಾರದ ಕಟ್ಟಡ ನಿಲ್ಸ್ಲಿಕ್ಕೆ ಇವರು ಮರದ ಕಂಬ ಹೊಡಿತಿದ್ರು, ಕೆಳಗೆ ಗಟ್ಟಿ ಮರಳು ಸಿಗುವವರೆಗೆ. ಆಮ್‌ಸ್ಟರ್‌ಡ್ಯಾಮಿನ ಡ್ಯಾಮ್ ಚೌಕದ ಅರಮನೆಯ ಅಡಿಯಲ್ಲಿ 13,659 ಕಂಬ ಅಂತ ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಮರ ಕುಂಬಾಗುದಿಲ್ವಾ ಅಂತ ಕೇಳ್ತೀರಿ. ಪೂರ್ತಿ ನೀರಿನ ಅಡಿಯಲ್ಲಿದ್ರೆ ಗಾಳಿ ಸಿಗುದಿಲ್ಲ, ಗಾಳಿ ಇಲ್ಲದೆ ಬೂಸ್ಟು ಬೆಳೆಯುದಿಲ್ಲ, ನೂರಾರು ವರ್ಷ ತಾಳ್ತದೆ. ತೊಂದ್ರೆ ಆಗುದು ನೀರು ಕೆಳಗೆ ಇಳಿದಾಗ. ನಾವು ನೀರು ಬಂತು ಅಂತ ಹೆದರುದು, ಇಲ್ಲಿ ಹಳೆ ಮನೆಯವರು ಬೇಸಿಗೆಯಲ್ಲಿ ನೀರು ಕಮ್ಮಿ ಆಯ್ತು ಅಂತ ಹೆದರುದು. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು.

ನಿಮ್ಮ ಭಾವನಿಗೆ ಅಸಲಿ ಹಳೆ ಕೋಟೆ ಬೇಕಾದ್ರೆ ಮೌಡರ್‌ಸ್ಲಾಟ್‌ಗೆ ಹೋಗ್ಲಿ, ವೆಕ್ಟ್ ಹೊಳೆಯ ಅಳಿವೆ ಹತ್ರ, ಆಮ್‌ಸ್ಟರ್‌ಡ್ಯಾಮಿನಿಂದ ಸೈಕಲಲ್ಲೂ ಹೋಗ್ಬಹುದು. 1285ರ ಆಸುಪಾಸಿಗೆ ಹಾಲೆಂಡನ್ನು ಆಳ್ತಿದ್ದ ಕೌಂಟ್ ಐದನೇ ಫ್ಲೋರಿಸ್ ಕಟ್ಟಿದ್ದು. 1296ರಲ್ಲಿ ಅವನದ್ದೇ ಪಾಳೆಗಾರರು ಅವನನ್ನು ಹಿಡಿದು ಅದೇ ಕೋಟೆಯಲ್ಲಿ ಕೂಡಿಹಾಕಿ ಕಡೆಗೆ ಕೊಂದ್ರು. ಆದರೆ ಹೋಗುವ ಮೊದಲು ಇದೂ ಗೊತ್ತಿರ್ಲಿ, ಅವನು ಕಟ್ಟಿದ್ದನ್ನು ಅವನು ಸತ್ತ ಸ್ವಲ್ಪದರಲ್ಲೇ ಕೆಡವಿದ್ರು, ಈಗ ಕಾಣುದು 1370ರ ನಂತರ ಅದೇ ಜಾಗದಲ್ಲಿ ಪುನಃ ಕಟ್ಟಿದ್ದು! 1825ರಲ್ಲಿ ಒಡೆದು ಇಟ್ಟಿಗೆ ಮಾರ್ಲಿಕ್ಕೆ ಹೊರಟಿದ್ರು, ಒಂದನೇ ವಿಲ್ಲೆಮ್ ರಾಜ ತಡೆದ. ಆಮೇಲೆ 1895ರಿಂದ ರಿಪೇರಿ. ಹಾಗೆ ಹುಡುಕ್ತಾ ಹೋದ್ರೆ ಮುಟ್ಟದ ಕೋಟೆ ಸಿಗುದು ಕಷ್ಟ.

ಮಾಷ್ಟ್ರು ಹೇಳಿದ್ದಕ್ಕೆ ಒಂದು ತಕರಾರು. ಕೌಪರ್ಸ್ ಇಟ್ಟಿಗೆಯಲ್ಲಿ ಪ್ರಾಮಾಣಿಕ ಹೌದು, ಆದರೆ ಅಡಿಪಾಯ ಮತ್ತೆ ಉಳಿದ ಗೋಡೆ ಬಿಟ್ರೆ ಮೇಲಿನ ಅಷ್ಟೂ ಶೃಂಗಾರ ಅವನ ತಲೆಯೊಳಗಿನ ಮಧ್ಯಯುಗ. ನಡುವಿನ ದೊಡ್ಡ ಹಾಲ್ ನೋಡಿದ್ರಲ್ಲ, ಇಗರ್ಜಿಯ ಹಾಗೆ ಎತ್ತರ, ಎಲ್ಲ ಕೆತ್ತನೆ. ಅದು ಹಿಂದೆ ಹಾಲೇ ಅಲ್ಲ, ಕೋಟೆಯ ಒಳಗಿನ ಅಂಗಳ. ಅದಕ್ಕೆ ಮಾಡು ಹಾಕಿದ. ನಮ್ಮಲ್ಲಿ ನಾಲ್ಕು ಸುತ್ತಿನ ಮನೆಯ ನಡು ಅಂಗಳಕ್ಕೆ ಈಗ ಶೀಟ್ ಹಾಕಿ ಸೋಫಾ ಇಡುದಿಲ್ವಾ, ಹಾಗೆಯೇ, ರೋಥ್‌ಚೈಲ್ಡ್ ದುಡ್ಡಿನಲ್ಲಿ. ಇನ್ನೊಂದು ದಾರಿಯೂ ಇತ್ತು. ಹಾರ್ಲೆಮ್ ಬದಿಯಲ್ಲಿ ಬ್ರೆಡೆರೋಡೆ ಅಂತ ಒಂದು ಕೋಟೆ ಉಂಟು, ಅದನ್ನು ಬಿದ್ದ ಹಾಗೆಯೇ ಬಿಟ್ಟು, ಇನ್ನು ಬೀಳದ ಹಾಗೆ ನೋಡ್ಕೊಂಡಿದ್ದಾರೆ. ನನಗೆ ಅದೇ ಹೆಚ್ಚು ಇಷ್ಟ. ಆದರೆ ಅದರಲ್ಲಿ ಚಳಿಗೆ ಮಲಗ್ಲಿಕ್ಕೆ ಆಗುದಿಲ್ಲ ಅನ್ನುದು ಬೇರೆ ಮಾತು.

ಮಧೂರಿನವಳು:

ಎಲ್ಲರೂ ಇಟ್ಟಿಗೆ ಬಗ್ಗೆಯೇ ಹೇಳಿದ್ರಿ, ಜನರ ಬಗ್ಗೆ ಒಬ್ಬರೂ ಹೇಳ್ಲಿಲ್ಲ ನೋಡಿ.

ಆ ಕೋಟೆಯ ಸುತ್ತ ಈಗ 55 ಹೆಕ್ಟೇರ್ ಪಾರ್ಕ್ ಉಂಟಲ್ಲ, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 136 ಎಕರೆ, ಅಲ್ಲಿ ಮೊದಲು ಹಾರ್‌ಝೌಲೆನ್ಸ್ ಊರೇ ಇದ್ದದ್ದು. ಬ್ಯಾರನಿಗೆ ಕಿಟಿಕಿಯಿಂದ ನೋಡುವಾಗ ತೋಟ ಕಾಣ್ಬೇಕು, ಊರು ಅಡ್ಡ ಬರ್ತದೆ. ಊರನ್ನೇ ಕೆಡವಿ ಒಂದು ಕಿಲೋಮೀಟರ್ ಆಚೆ ಹೊಸತು ಕಟ್ಟಿ ಕೊಟ್ಟ, ಜನ ಅಲ್ಲಿ ಅವನ ಒಕ್ಕಲುಗಳು. ಇಗರ್ಜಿ ಒಂದನ್ನು ಮಾತ್ರ ಮುಟ್ಲಿಲ್ಲ, ಅದು ಈಗಲೂ ಪಾರ್ಕಿನೊಳಗೆ ಒಂಟಿಯಾಗಿ ನಿಂತದೆ. ನಾನು ಹೋದಾಗ ಕೋಟೆಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿದ್ದು. ಮನೆಯೆಲ್ಲ ಹೋಗಿ ನಾಗಬನ ಮಾತ್ರ ಉಳಿದ ಹಾಗೆ ಕಂಡಿತು ನನಗೆ. ಹೊಸ ಊರಿನ ಮನೆಗಳ ಕಿಟಿಕಿ ಬಾಗಿಲಿಗೂ ಅದೇ ಕೆಂಪು ಬಿಳಿ. ಪ್ರವಾಸಿಗರು ಎಷ್ಟು ಚಂದ ಅಂತ ಫೋಟೋ ತೆಗಿತಾರೆ, ನಾನೂ ತೆಗ್ದೆ, ಆದರೆ ಅದು ಧಣಿಗಳ ಮನೆ ಬಣ್ಣ ಅಂತ ಗೊತ್ತಾದ ಮೇಲೆ ಒಂಥರಾ ಆಯ್ತು.

ಮರದ ಕಥೆ ಕೇಳಿ. ತೋಟ ಮಾಡಿದ್ದು ಕೋಪೈನ್ ಎಂಬವ. ಸಸಿ ನೆಟ್ಟು ಕಾಯ್ಲಿಕ್ಕೆ ಬ್ಯಾರನಿಗೆ ಪುರ್ಸೊತ್ತಿಲ್ಲ, 40 ವರ್ಷ ಬೆಳೆದ 7000 ಮರ ಬೇರು ಸಮೇತ ತರಿಸಿದ. ಉಟ್ರೆಕ್ಟ್ ಪೇಟೆಯ ಬೀದಿಯಲ್ಲಿ ಮರ ತಿರುಗುದಿಲ್ಲ ಅಂತ ಅಡ್ಡ ಬಂದ ಮನೆ ಒಂದನ್ನು ಕ್ರಯಕ್ಕೆ ತಗೊಂಡು ಒಡೆಸಿದನಂತೆ. ಎರಡನೇ ಮಹಾಯುದ್ಧದ ಸಮಯ ಅದರಲ್ಲಿ ಎಷ್ಟೋ ಮರ ಕಟ್ಟಿಗೆಯಾಗಿ ಒಲೆಗೆ ಹೋಯ್ತು, ಹೂವಿನ ತೋಟದಲ್ಲಿ ತರಕಾರಿ ಬೆಳೆದ್ರು.

ಆದರೂ ಅಡಿಗೆ ಕೋಣೆ ನೋಡಿ ಮನಸ್ಸು ಸೋತಿತು ಹೇಳ್ದೆ ಇರ್ಲಿಕ್ಕೆ ಆಗುದಿಲ್ಲ. ಒಲೆ ಒಂದೇ ಆರು ಮೀಟರ್ ಉದ್ದ, ನಮ್ಮ ಜಂಬ್ರದ ಕೋಡಿ ಒಲೆ ಕಬ್ಬಿಣದಲ್ಲಿ ಮಾಡಿದ ಹಾಗೆ. ಗೋಡೆ ತುಂಬ ತಾಮ್ರದ ಪಾತ್ರೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ. ಇಷ್ಟನ್ನೂ ಹುಣಸೆಹುಳಿ ಹಾಕಿ ತಿಕ್ಕುದು ಯಾರು ಅಂತ ಅತ್ತೆ ಕೇಳಿದ್ರು, ಗೈಡಿಗೆ ತರ್ಜುಮೆ ಮಾಡಿ ಹೇಳ್ಲಿಕ್ಕೆ ನನಗೆ ಗೊತ್ತಾಗ್ಲಿಲ್ಲ. ಟೈಲ್ಸಿನಲ್ಲೂ ಡೆ ಹಾರ್ ಮತ್ತೆ ವಾನ್ ಝೌಲೆನ್ ಎರಡು ಮನೆತನದ ಮುದ್ರೆ, ಫ್ರಾನೆಕರ್ ಅಂತ ಊರಲ್ಲಿ ಬೇಯಿಸಿ ತಂದದ್ದು.

ಹೆಲೆನ್ ಬಗ್ಗೆ ಬರೀ ದುಡ್ಡು ತಂದವಳು ಅಂತ ಆಯ್ತು ಮೇಲೆ. 1898ರಲ್ಲಿ ಪ್ಯಾರಿಸಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ವಾಪಸ್ ಬರುವ ಕಾರ್ ರೇಸಲ್ಲಿ ಗಂಡಸರೊಟ್ಟಿಗೆ ಓಡಿಸಿದವಳು ಅವಳು, ಬಸವನಹುಳು ಅಂತ ಅಡ್ಡಹೆಸರು ಇಟ್ಕೊಂಡು! ಅದೂ ಸೇರಿಸ್ಕೊಳ್ಳಿ ಮಾಷ್ಟ್ರೆ.

ನಿವೃತ್ತ ಮಾಷ್ಟ್ರು:

ಸೇರಿಸಿದೆ ಅಕ್ಕ. ತಪ್ಪು ನನ್ನದೇ.

ಊರು ಎತ್ತಿಸಿದ ವಿಷಯ ನನಗೆ ಗೊತ್ತಿದ್ದೂ ಬರೀಲಿಲ್ಲ, ಅದೂ ಹೌದು. 2000ನೇ ಇಸವಿಯಲ್ಲಿ ಆ ಮನೆಯವರು ಕೋಟೆಯನ್ನೂ ತೋಟವನ್ನೂ ಒಂದು ಟ್ರಸ್ಟಿಗೆ ಬಿಟ್ಟುಕೊಟ್ರು, ವರ್ಷಕ್ಕೆ ಒಂದು ತಿಂಗಳು ಬಂದು ಇರುವ ಹಕ್ಕು ಮಾತ್ರ ಇಟ್ಕೊಂಡ್ರು. ಭೂತದ ಕೋಲಕ್ಕೆ ಊರಿಗೆ ಬರುವ ಬೊಂಬಾಯಿ ಕುಟುಂಬದವರ ಹಾಗೆ.

ಕೆಂಪುಕಲ್ಲು ಕಂಟ್ರಾಕ್ಟ್:

ಕೋಟೆ ವಿಷಯ ನನಗೆ ಗೊತ್ತಿಲ್ಲ, ಕಲ್ಲಿನ ವಿಷಯ ಗೊತ್ತುಂಟು. ಸೀತಾಂಗೋಳಿ ಬದಿಯಲ್ಲಿ ಇಪ್ಪತ್ತೆರಡು ವರ್ಷ ಇದೇ ಕೆಲ್ಸ.

ಹಳೇದಕ್ಕೆ ಹೊಸತು ಕೂಡುದಿಲ್ಲ ಅನ್ನುದು ಅರ್ಧ ಸತ್ಯ. ಹಲ್ಲು ಬಿಟ್ಟು ಕಚ್ಚಿಸಿ ಕಟ್ಟಿ ಮೇಲೆ ಸಿಮೆಂಟ್ ಮೆತ್ತಿದ್ರೆ ಬಿರುಕು ಬಿಡುದು ಖಂಡಿತ, ಯಾಕಂದ್ರೆ ಹಳೆ ಗೋಡೆ ಕೂತು ಮುಗಿದದ್ದು, ಹೊಸತು ಇನ್ನು ಕೂರ್ಬೇಕಷ್ಟೆ. ಹೊಸ ಬದಿಗೆ ಪ್ರತ್ಯೇಕ ಪಂಚಾಂಗ (ಅಡಿಪಾಯ) ಹಾಕಿ, ಎರಡರ ಮಧ್ಯೆ ಒಂದು ಸಂದು ಬಿಡಿ, ಮಾಡು ಮಾತ್ರ ಮೇಲಿಂದ ಒಟ್ಟಿಗೆ ಬರ್ಲಿ. ಹಳೆ ಗೋಡೆ ಮೇಲೆ ಟೆರೇಸಿನ ಭಾರ ಬೇಡವೇ ಬೇಡ. ಪಕ್ಕಾಸು ರೀಪು ಹಂಚು ಸಾಕು.

ಎರಡನೇದು, ಪಡುಬದಿ ಯಾಕೆ ಬಿತ್ತು ಅಂತ ಮೊದಲು ನೋಡಿ. ಮಳೆ ಹೊಡಿಯುದು ಆ ಬದಿಗೇ. ಅಲ್ಲಿ ಯಾವಾಗಲಾದ್ರೂ ಸಿಮೆಂಟ್ ಸಾರಣೆ ಮಾಡ್ಸಿದ್ರಾ? ಹಳೆ ಗೋಡೆಯ ಒಳಗೆ ಇರುದು ಮಣ್ಣು ಮತ್ತೆ ಸುಣ್ಣ, ಅದಕ್ಕೆ ನೀರು ಹೋದ್ರೂ ಒಣಗಿ ಹೋಗ್ತದೆ. ಹೊರಗೆ ಸಿಮೆಂಟ್ ಹಾಕಿದ್ರೆ ಹೋದ ನೀರು ಹೊರಗೆ ಬರುದಿಲ್ಲ, ಒಳಗೇ ಕೂತು ಕಲ್ಲನ್ನು ಮೆದು ಮಾಡ್ತದೆ. ನಾನು ನೋಡಿದ ಹಳೆ ಮನೆಗಳಲ್ಲಿ ಬಿದ್ದದ್ದರ ಮುಕ್ಕಾಲು ಪಾಲು ರಿಪೇರಿಯಿಂದಲೇ ಬಿದ್ದದ್ದು. ಚಾವಡಿಗೂ ಸಿಮೆಂಟ್ ಇದ್ರೆ ತೆಗೆಸಿ, ಸುಣ್ಣದ ಗಾರೆ ಹಾಕ್ಸಿ. ಹಾಕುವ ಮೇಸ್ತ್ರಿ ಸಿಗುದೇ ಕಷ್ಟ ಈಗ, ಅದು ಬೇರೆ. ಅಟ್ಟದ ತೊಲೆ ಗೋಡೆಗೆ ಕೂತ ತುದಿಗೆ ಉಳಿ ಹಾಕಿ ನೋಡಿ, ಒರಲೆ ಹಿಡಿಯುದು ಮೊದಲು ಅಲ್ಲಿಗೇ.

ಮತ್ತೆ ಆ ಆರ್ಕಿಟೆಕ್ಟ್ ಗುರುತಿಗೆ ಅಂತ ಬೇರೆ ಇಟ್ಟಿಗೆ ಹುಡುಕಿದ ಅಂದ್ರಲ್ಲ, ನಿಮಗೆ ಆ ಕಷ್ಟ ಇಲ್ಲ. ಹಳೆ ಕಲ್ಲು ಕೈಯಲ್ಲಿ ಕೆತ್ತಿದ್ದು, ಕೊಡಲಿ ಏಟು ಓರೆ ಓರೆಯಾಗಿ ಕಾಣ್ತದೆ. ಈಗಿನದ್ದು ಮೆಶಿನ್ ಕಟ್ಟಿಂಗ್, ಗರಗಸದ ಗೆರೆ ನೆಟ್ಟಗೆ. ಸಾರಣೆ ಮಾಡದೆ ಬಿಟ್ರೆ ಸಣ್ಣ ಮಕ್ಕಳಿಗೂ ಗೊತ್ತಾಗ್ತದೆ ಯಾವುದು ಅಜ್ಜನದ್ದು ಯಾವುದು ನಿಮ್ಮದು ಅಂತ.

ಚಾವಡಿಮನೆ:

ಎಲ್ಲರಿಗೂ ತುಂಬ ಉಪಕಾರ ಆಯ್ತು. ನಿನ್ನೆ ಆದಿತ್ಯವಾರ ಅಣ್ಣನೂ ಇದ್ದ, ಚಾವಡಿಯ ಹೊರಗೋಡೆಯಲ್ಲಿ ಕಲ್ಲುಬೆಂಚಿನ ಮೇಲೆ ಒಂದು ಮೊಳ ಜಾಗದ ಸಾರಣೆ ಕೆರೆದು ನೋಡಿದೆವು. ಮೇಲೆ ಸಿಮೆಂಟ್, ಅಣ್ಣನ ಮದುವೆ ಸಮಯ ಹಾಕಿಸಿದ್ದು, ಕೆಳಗೆ ಬಿಳಿ ಗಾರೆ, ಅದರಲ್ಲಿ ಅಲ್ಲಲ್ಲಿ ಮರುವಾಯಿ ಚಿಪ್ಪಿನ ಚೂರು. ಒಳಗೆ ಕಲ್ಲು. ಏಟಿನ ಗುರುತು ಓರೆಯಾಗಿಯೇ ಉಂಟು, ಆದರೆ ಎಡದಿಂದ ಬಲಕ್ಕೆ ಇಳಿಯುದರ ಬದಲು ತಿರುಗಿ ಉಂಟು. ಕೆತ್ತಿದವ ಎಡಗೈಯವ ಅಂತ ಅಪ್ಪ ಹೇಳಿದ್ರು. ಅಣ್ಣ ಮಾತಾಡದೆ ಸುಮಾರು ಹೊತ್ತು ಬೆರಳಾಡಿಸ್ತಾ ಇದ್ದ.

ಪಡುಬದಿಗೆ ಸಿಮೆಂಟ್ ಹಾಕ್ಸಿದ್ದು ಹೌದು, ಅದೇ ಮದುವೆಗೆ. ಅಣ್ಣ ಈಗ ಟೆರೇಸ್ ಮಾತು ತೆಗೆಯುದಿಲ್ಲ, ಹಾಗಂತ ಒಪ್ಪಿದ್ದೇನೆ ಅಂತಲೂ ಹೇಳ್ಲಿಲ್ಲ. ತೊಲೆ ತುದಿ ಇನ್ನು ನೋಡ್ಬೇಕಷ್ಟೆ, ಅಟ್ಟದಲ್ಲಿ ಅಡಿಕೆ ಗೋಣಿ ತುಂಬಿಸಿಟ್ಟದ್ದು ಇಳಿಸ್ಬೇಕು. ಕಂಟ್ರಾಕ್ಟ್ ಅಣ್ಣ, ಸುಣ್ಣದ ಗಾರೆ ಹಾಕುವ ಮೇಸ್ತ್ರಿ ಗೊತ್ತಿದ್ರೆ ಮೆಸೇಜ್ ಮಾಡಿ. ಭಾವ ದಸರಾ ರಜೆಗೆ ಬರ್ತಾನಂತೆ, ಅವನಿಗೆ ಟಿಕೆಟ್ ಇಡ್ಬೇಕು ಅಂತ ಅಪ್ಪ ಈಗಲೇ ಹೇಳಿಟ್ಟಿದ್ದಾರೆ.